ಕ್ಯಾಪ್ಸ್ ಲಾಕ್ ಮಿಣುಕಿದ ರಾತ್ರಿ

ರಾತ್ರಿ 8 ಗಂಟೆ 25 ನಿಮಿಷ. ಕೀಲಿಮಣೆಯ ಎಡಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ದೀಪವೊಂದು ಹತ್ತುತ್ತಿತ್ತು, ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಕ್ಯಾಪ್ಸ್ ಲಾಕಿನ ದೀಪ. ನಾನು ಅದನ್ನು ಮುಟ್ಟಿರಲಿಲ್ಲ. ಈಗ ಮುಟ್ಟಿದೆ, ಮಿಣುಕು ನಿಲ್ಲಲಿಲ್ಲ. ಎಂಟರ್ ಒತ್ತಿದೆ, ಎಸ್ಕೇಪ್ ಒತ್ತಿದೆ, ಹತ್ತೂ ಬೆರಳು ಸೇರಿಸಿ ಒತ್ತಿದೆ. ತೆರೆ ಕಪ್ಪಾಗಿತ್ತು. ಕಪ್ಪಿನ ಮೇಲೆ ಬಿಳಿ ಇರುವೆ ಸಾಲಿನಂಥ ಇಂಗ್ಲಿಷ್. ಕೊನೆಯ ಸಾಲಿನಲ್ಲಿ ಎರಡೇ ಪದ ಕಣ್ಣಿಗೆ ಚುಚ್ಚಿದವು: ಕರ್ನಲ್ ಪ್ಯಾನಿಕ್.

ಆ ಲ್ಯಾಪ್‌ಟಾಪಿನೊಳಗೆ ನಮ್ಮ ಅಡಿಕೆ ಸಂಘದ ವಾರ್ಷಿಕ ವರದಿ ಇತ್ತು. 14 ಪುಟ ಮುಗಿದಿತ್ತು, 2 ಪುಟ ಬಾಕಿ. ಮಹಾಸಭೆ ಮರುದಿನ ಬೆಳಿಗ್ಗೆ ಹತ್ತೂವರೆಗೆ. ಬೇರೆ ಪ್ರತಿ? ಇರಲಿಲ್ಲ. ಮಾಡಿಟ್ಟುಕೊಳ್ಳಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ.

ಒಂದು ಗಂಟೆ ಹಿಂದೆ ಎಲ್ಲ ನೆಟ್ಟಗಿತ್ತು. ಊಟಕ್ಕೇಳುವ ಮುಂಚೆ ತೆರೆಯ ಮೂಲೆಯಲ್ಲೊಂದು ಪೆಟ್ಟಿಗೆ ಇಣುಕಿ, ಅಪ್‌ಡೇಟ್‌ಗಳು ಬಂದಿವೆ, ಹಾಕಲೇ ಎಂದು ಕೇಳಿತು. ಮೂರು ವಾರದಿಂದ 'ಆಮೇಲೆ' ಎನ್ನುತ್ತ ಬಂದವನು ಅಂದೇ ಏಕೆ 'ಹೂಂ' ಎಂದೆನೋ! ಊಟ ಮುಗಿಸಿ ಬಂದಾಗ ಇನ್ನೊಂದು ಪೆಟ್ಟಿಗೆ ಕಾದಿತ್ತು. ಎಂಟು ಹತ್ತು ಸಾಲು, ಎಲ್ಲೋ ನಡುವೆ 'ನೋ ಸ್ಪೇಸ್ ಲೆಫ್ಟ್' ಎಂಬಂಥದ್ದೇನೋ, ಕೆಳಗೆ ದೊಡ್ಡದಾಗಿ ಓಕೆ. ಓದಿದ್ದೇನೆಂದು ಭಾವಿಸಿ ಓಕೆ ಒತ್ತಿದೆ. ರೀಸ್ಟಾರ್ಟ್ ಮಾಡಲೇ ಎಂದಿತು. ಅದಕ್ಕೂ ಓಕೆ.

ಹೊರಗೆ ಉತ್ತರೆ ಮಳೆ. ಸೆಪ್ಟೆಂಬರಿನಲ್ಲಿ ನಮ್ಮ ಕಡೆ ಮಳೆ ಬಿಟ್ಟು ಬಿಟ್ಟು ಬರಬೇಕು. ಆ ವರ್ಷ ಅದು ಬಿಡುವುದನ್ನೇ ಮರೆತಿತ್ತು. ಹಿಂದಿನ ಗುಡ್ಡಕ್ಕೆ ಸಿಡಿಲು ಹೊಡೆದ ಸದ್ದಾಯಿತು, ಅದರ ಬೆನ್ನಿಗೇ ಕರೆಂಟ್ ಹೋಯಿತು. ಇನ್ವರ್ಟರ್ ಮೂರು ದಿನದಿಂದ ಹಸಿದು ಮಲಗಿತ್ತು. ಇಡೀ ಮನೆಯಲ್ಲಿ ಉಳಿದ ಬೆಳಕೆಂದರೆ ಆ ತೆರೆಯ ಬಿಳಿ ಇರುವೆ ಸಾಲು ಮತ್ತು ಮಿಣುಕುವ ಸಾಸಿವೆ ಕಾಳು. ಲ್ಯಾಪ್‌ಟಾಪಿಗೆ ಎಂಟು ವರ್ಷ. ಬ್ಯಾಟರಿ ತುಂಬಿದ್ದರೆ 40 ನಿಮಿಷ ನಡೆಯುತ್ತದೆ, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ.

ಪವರ್ ಗುಂಡಿ ಅದುಮಿ ಹಿಡಿದೆ. ಸತ್ತಿತು. ಮತ್ತೆ ಒತ್ತಿದೆ. ಲಾಂಛನ ಬಂತು, ಮಾಯವಾಯಿತು, ಕಪ್ಪು, ಇರುವೆ ಸಾಲು, ಮಿಣುಕು. ಇನ್ನೊಮ್ಮೆ. ಮತ್ತೊಮ್ಮೆ. ಐದನೆಯ ಸಲಕ್ಕೆ ಹೆಂಡತಿ ಬಾಗಿಲಲ್ಲಿ ನಿಂತು, "ಅದೇ ಬಾವಿಗೆ ಎಷ್ಟು ಸಲ ಇಳೀತಿ ಮಾರಾಯಾ?" ಎಂದಳು. ಯಂತ್ರ ಆರಿಸಿ ಕೈ ಬಿಟ್ಟೆ. ಬಿಡುವ ಮುಂಚೆ ಏನೋ ಹೊಳೆದು ತೆರೆಯ ಫೋಟೋ ಹೊಡೆದುಕೊಂಡೆ. ಆ ರಾತ್ರಿ ನಾನು ಮಾಡಿದ ಮೊದಲ ಬುದ್ಧಿವಂತಿಕೆಯ ಕೆಲಸ ಅದೇ.

ನಮ್ಮ ಮನೆಗೆ ಇಂಟರ್ನೆಟ್ಟು ಕೇಬಲ್ಲಿನಲ್ಲಿ ಬರುತ್ತದೆ, ಕರೆಂಟ್ ಇರುವಷ್ಟು ಹೊತ್ತು. ಫೋನಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಗುಡ್ಡದ ನೆತ್ತಿಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತು ಪಾಠ ಕೇಳಿದ್ದನ್ನು ನೀವು ಪತ್ರಿಕೆಗಳಲ್ಲಿ ಕಂಡಿರಬಹುದು. ನಮ್ಮೂರಿನಲ್ಲಿ ಆ ಜಾಗ ಹುಲಿಯಪ್ಪನ ಕಲ್ಲು. ತೋಟ ದಾಟಿ, ಹಳ್ಳದ ಸಂಕ ದಾಟಿ, ಅಲ್ಲಿಂದ ಮೇಲೆ ಕಾಲು ತಾಸಿನ ಏರು. ಹಗಲಿನ ಲೆಕ್ಕ ಅದು.

9 ಗಂಟೆ 10. ಕಂಬಳಿ ಕೊಪ್ಪೆ ತಲೆಗೆ, ಟಾರ್ಚು ಕೈಗೆ, ಫೋನು ಪ್ಲಾಸ್ಟಿಕ್ ಚೀಲದೊಳಗೆ. ತೋಟದಲ್ಲಿ ಅಡಿಕೆ ಮರಗಳು ಒಂದರ ತಲೆಗೊಂದು ಬಡಿದುಕೊಳ್ಳುತ್ತಿದ್ದವು. ಹಳ್ಳ ಕೆಂಪಾಗಿ, ತುಂಬಿ, ಸಂಕದ ಹೊಟ್ಟೆ ನೆಕ್ಕುತ್ತ ಹರಿಯುತ್ತಿತ್ತು. ಸಂಕವೆಂದರೆ ಸೀಳಿದ ಅಡಿಕೆ ಮರದ ಎರಡು ದಬ್ಬೆ, ಹಿಡಿಯಲು ಒಂದು ಬಳ್ಳಿ. ಟಾರ್ಚನ್ನು ಬಾಯಲ್ಲಿ ಕಚ್ಚಿದೆ. ಮೂರನೆಯ ಹೆಜ್ಜೆಗೆ ದಬ್ಬೆ ಜಾರಿತು. ಬಲಗಾಲು ಮೊಣಕಾಲಿನವರೆಗೆ ನೀರಿಗೆ. ಬಳ್ಳಿ ಹಿಡಿದಿದ್ದರಿಂದ ಬದುಕಿದೆ. ಹದಿನಾಲ್ಕು ಪುಟದ ವರದಿಗಾಗಿ ಹಳ್ಳ ಹಾರಿ ಸತ್ತ ಕಾರ್ಯದರ್ಶಿ ಎಂದು ಮರುದಿನ ಸಭೆಯಲ್ಲಿ ಒಂದು ನಿಮಿಷ ಮೌನ ಆಚರಿಸುತ್ತಿದ್ದರೇನೋ. ಊಟಕ್ಕೆ ತಡವಾಗುತ್ತದೆಂದು ಅರ್ಧ ನಿಮಿಷಕ್ಕೆ ಮುಗಿಸುತ್ತಿದ್ದರು, ಅದೂ ಗೊತ್ತು.

ಕಲ್ಲಿನ ಮೇಲೆ ನಿಂತು ಫೋನನ್ನು ತಲೆಯ ಮೇಲೆತ್ತಿದೆ. ಒಂದು ಕಡ್ಡಿ. ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಕರೆ ಮಾಡಿದೆ. ಈ ಯಂತ್ರಕ್ಕೆ ಲಿನಕ್ಸ್ ಹಾಕಿಕೊಟ್ಟವನು ಅವನೇ.

"ಮಾವ, ತೆರೆ ಮೇಲೆ ಏನು ಬರೆದಿದೆ?"

"ಏನೋ ಇಂಗ್ಲಿಷು, ಪ್ಯಾನಿಕ್ಕು ಗೀನಿಕ್ಕು."

"ಏನೋ ಅಂದ್ರೆ ಆಗೋದಿಲ್ಲ. ಅಕ್ಷರ ಅಕ್ಷರ ಓದು."

ಫೋಟೋ ತೆಗೆದು, ಮಳೆಹನಿ ಒರೆಸಿಕೊಳ್ಳುತ್ತ ಒಂದನೇ ತರಗತಿಯ ಹುಡುಗನ ಹಾಗೆ ಓದಿದೆ. ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್, ಆವರಣದಲ್ಲಿ ಸೊನ್ನೆ, ಅಲ್ಪವಿರಾಮ, ಸೊನ್ನೆ.

ಅತ್ತ ಕಡೆ ನಗು ಕೇಳಿಸಿತು. ಆ ನಗು ಕೇಳಿ ನನಗೆ ಅರ್ಧ ಜೀವ ಬಂತು.

"ಡಿಸ್ಕು ಸತ್ತಿಲ್ಲ ಮಾವ. ಹೊಸ ಕರ್ನಲ್ಲು ಬಂದಿದೆ, ಅದರ ಜೊತೆಗಾರ ಬಂದಿಲ್ಲ. ಪೆಟ್ಟಿಗೆಯ ಕೀಲಿ ಪೆಟ್ಟಿಗೆಯೊಳಗೇ ಉಳಿದಿದೆ, ಅಷ್ಟೇ."

ಅವನು ಗಾಳಿಯಲ್ಲಿ ಹೇಳಿದ್ದನ್ನು ನಾನು ಆಮೇಲೆ ಸಮಾಧಾನವಾಗಿ ತಿಳಿದುಕೊಂಡದ್ದು ಹೀಗೆ. ಗುಂಡಿ ಒತ್ತಿದ ಕೂಡಲೇ ಏಳುವುದು ಯಂತ್ರದ ಹುಟ್ಟುಬುದ್ಧಿ, ಫರ್ಮ್‌ವೇರ್. ಅದು ಗ್ರಬ್ ಎಂಬ ಪುಟ್ಟ ದ್ವಾರಪಾಲಕನನ್ನು ಎಬ್ಬಿಸುತ್ತದೆ. ಗ್ರಬ್ಬು ಬೂಟ್ ಎಂಬ ಚಿಕ್ಕ ಕೋಣೆಯಿಂದ ಎರಡು ಕಡತ ಎತ್ತಿ ಮೆಮೊರಿಗೆ ಹಾಕುತ್ತದೆ: ಒಂದು ಕರ್ನಲ್, ಇನ್ನೊಂದು ಇನಿಟ್‌ರಾಮ್‌ಎಫ್‌ಎಸ್. ಕರ್ನಲ್ ಯಜಮಾನ. ಆದರೆ ಅವನಿಗೂ ದೊಡ್ಡಮನೆಯ, ಅಂದರೆ ಮುಖ್ಯ ಡಿಸ್ಕಿನ, ಬಾಗಿಲು ತೆಗೆಯಲು ಕೆಲವು ಹತಾರ ಬೇಕು. ಡಿಸ್ಕಿನ ಭಾಷೆ ಬಲ್ಲ ಡ್ರೈವರುಗಳು, ಪಾಸ್‌ವರ್ಡ್ ಕೇಳುವ ಸಲಕರಣೆ. ಆ ಹತಾರಗಳ ಮೂಲಪ್ರತಿ ಇರುವುದು ದೊಡ್ಡಮನೆಯ ಒಳಗೆ! ಅದಕ್ಕೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಬಿಡಾರ. ಬೇಕಾದಷ್ಟೇ ಹತಾರವನ್ನು ಮೂಟೆ ಕಟ್ಟಿ ಅಂಗಳದಲ್ಲೇ ಇಟ್ಟಿರುತ್ತಾರೆ. ಬಾಗಿಲು ತೆರೆದ ಮೇಲೆ ಬಿಡಾರ ಕಿತ್ತು ಎಸೆಯುತ್ತಾರೆ. ನನ್ನ ಯಂತ್ರದಲ್ಲಿ ಹೊಸ ಯಜಮಾನ ಬಂದಿದ್ದ, ಮೂಟೆ ಕಟ್ಟಲು ಜಾಗ ಸಾಲದೆ ಮೂಟೆ ಬಂದಿರಲಿಲ್ಲ. ಬರಿಗೈ ಯಜಮಾನ ಬೀಗದ ಮುಂದೆ ನಿಂತು ಕೂಗುತ್ತಿದ್ದ. ಅವನ ಕೂಗೇ ಆ ಮಿಣುಕು.

ಜಾಗ ಏಕೆ ಸಾಲಲಿಲ್ಲ? ತಪ್ಪು ನನ್ನದೇ. ಸಂಘದ ಲೆಕ್ಕವಿರುವ ಯಂತ್ರ, ಇಡೀ ಡಿಸ್ಕಿಗೆ ಬೀಗ ಬೇಕೆಂದು ಹಟ ಹಿಡಿದವನು ನಾನು. ಹಾಗೆ ಬೀಗ ಹಾಕಿದಾಗ ಬೂಟ್ ಕೋಣೆ ಬೀಗದ ಹೊರಗೆ ಪ್ರತ್ಯೇಕವಾಗಿ ಉಳಿಯಿತು, ತೀರ ಇಕ್ಕಟ್ಟಾಗಿ. ಒಂದೊಂದು ಕರ್ನಲ್ಲಿಗೆ ಹತ್ತು ಹದಿನೈದು ಎಂಬಿ ಸಾಕು, ಆದರೆ ಒಂದೊಂದು ಮೂಟೆ ನೂರು ಎಂಬಿ ದಾಟುತ್ತದೆ. ಹಳೆಯವನ್ನು ಆಗಾಗ ತೆಗೆದುಹಾಕು ಎಂದು ಹುಡುಗ ಹೇಳಿದ್ದ. ಮುರಿದ ಛತ್ರಿ, ತೂತು ತಪ್ಪಲೆ, ಅಜ್ಜನ ಕಾಲದ ಲಾಟೀನು ಎಲ್ಲವನ್ನೂ ಅಟ್ಟದ ಮೇಲೆ ಕಾಪಿಟ್ಟ ಮನೆತನ ನಮ್ಮದು. ನಾವು ಏನನ್ನೂ ತೆಗೆದುಹಾಕುವುದಿಲ್ಲ.

"ಈಗ ಬರ್ಕೋ ಮಾವ."

ಕಾಗದ ಒದ್ದೆ ಮುದ್ದೆ. ಕಂಬಳಿಯೊಳಗೆ ಎಡತೋಳು ಒಣಗಿತ್ತು. ಬಾಲ್ ಪೆನ್ನಿನಿಂದ ತೋಳಿನ ಮೇಲೇ ಬರೆದುಕೊಂಡೆ. ಲಾಂಛನ ಕಂಡ ಕೂಡಲೇ ಎಸ್ಕೇಪ್, ಒಂದೇ ಸಲ. ಅಡ್ವಾನ್ಸ್‌ಡ್ ಆಪ್ಷನ್ಸ್. ಹಳೆಯ ಕರ್ನಲ್ ಆರಿಸು. ತೆರೆ ಬರದಿದ್ದರೆ ಕಂಟ್ರೋಲ್, ಆಲ್ಟ್, ಎಫ್3. ಬೂಟ್ ಕೋಣೆ ಖಾಲಿ ಮಾಡು.

"ಇನ್ನೊಂದು ಮಾವ, ಇದು ಮುಖ್ಯ. ಅಳಿಸೋ ಮುಂಚೆ ಮಾತ್ರ..."

ಕಡ್ಡಿ ಹೋಯಿತು. ಇಪ್ಪತ್ತು ನಿಮಿಷ ಕಲ್ಲಿನ ಮೇಲೆ ಫೋನೆತ್ತಿ ನಿಂತೆ. ಒಂದೂ ಕಡ್ಡಿ ಮರಳಲಿಲ್ಲ. ಅಳಿಸುವ ಮುಂಚೆ ಏನು? ಇಳಿಯುವಾಗ ದಾರಿಯುದ್ದಕ್ಕೂ ಅದೊಂದೇ ಪ್ರಶ್ನೆ ಕಾಲಿಗೆ ಸುತ್ತಿಕೊಂಡಿತು. ಸಂಕವನ್ನು ಈ ಸಲ ಕೂತು, ಅಂಗುಲ ಅಂಗುಲ ಸರಿದು ದಾಟಿದೆ.

ಮನೆ ಮುಟ್ಟಿದಾಗ ಹತ್ತೂಮುಕ್ಕಾಲು. ಕಾಲಿನಲ್ಲಿ ಏಳು ಉಂಬಳ. ಹೆಂಡತಿ ಸುಣ್ಣ ಹಚ್ಚಿ ಕೀಳುತ್ತಿದ್ದಂತೆ ನಾನು ಬ್ಯಾಟರಿಯ ಲೆಕ್ಕ ಹಾಕುತ್ತಿದ್ದೆ. ಅರ್ಧ ಹೋಗಿದೆ. ಇಪ್ಪತ್ತು ನಿಮಿಷದಲ್ಲಿ ಏನಾದೀತು? ಆಗ ಅವಳೇ ಹೇಳಿದ್ದು: "ಗಣಪತಿ ಪೆಂಡಾಲಿಗೆ ಲೈಟು ಹಾಕ್ತಿದ್ರಲ್ಲ, ಆ ಡಬ್ಬಿ?"

ಆ ಡಬ್ಬಿ! 150 ವ್ಯಾಟಿನ ಪುಟ್ಟ ಇನ್ವರ್ಟರು. 12 ವೋಲ್ಟಿನ ಬ್ಯಾಟರಿಗೆ ಎರಡು ಕ್ಲಿಪ್ ಕಚ್ಚಿಸಿದರೆ 230 ವೋಲ್ಟ್ ಕೊಡುತ್ತದೆ. ಲ್ಯಾಪ್‌ಟಾಪಿನ ಚಾರ್ಜರಿಗೆ 65 ವ್ಯಾಟ್ ಸಾಕು. ಅಂಗಳದಲ್ಲಿ ಹಳೆಯ ಡೀಸೆಲ್ ಜೀಪು ನಿಂತಿತ್ತು. ಬಾನೆಟ್ ಕೆಳಗಿಂದ ವಯರು ಎಳೆದು, ಲ್ಯಾಪ್‌ಟಾಪನ್ನು ಮಡಿಲಿಗಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತೆ. ಕೀಲಿ ತಿರುಗಿಸಿದೆ. ಜೀಪು ಕೆಮ್ಮಿತು, ಮೈ ಕುಲುಕಿತು, ಎದ್ದಿತು. ಚಾರ್ಜರಿನ ಹಸಿರು ದೀಪ ಹತ್ತಿತು. ಟಾರ್ಪಾಲಿನ ಮೇಲೆ ಮಳೆ ಚಂಡೆ ಬಾರಿಸುತ್ತಿತ್ತು.

ಪವರ್ ಒತ್ತಿದೆ. ತೋಳು ನೋಡಿಕೊಂಡೆ. ಎಸ್ಕೇಪ್ ಎಂಬುದು ಉಳಿದಿತ್ತು. ಅದರ ಮುಂದಿನ ಪದ ಮಳೆಯಲ್ಲಿ ಕರಗಿ ನೀಲಿ ಗೆರೆಯಾಗಿತ್ತು. ಲಾಂಛನ ಕಂಡದ್ದೇ ತಡ, ಗಾಬರಿಯಲ್ಲಿ ಎಸ್ಕೇಪನ್ನು ಟಪಟಪ ಆರೇಳು ಸಲ ಒತ್ತಿಬಿಟ್ಟೆ. ಪಟ್ಟಿ ಮಿಂಚಿ ಮಾಯವಾಯಿತು. ಬರಿಯ ಕಪ್ಪು, ಎಡಕ್ಕೆ 'ಗ್ರಬ್' ಎಂಬ ಪದ, ಅದರ ಮುಂದೊಂದು ಬಾಣ, ಮಿಟುಕುವ ಗೆರೆ. ದ್ವಾರಪಾಲಕ ನನ್ನನ್ನು ಒಳಗೂ ಬಿಡದೆ, ಹೊರಗೂ ತಳ್ಳದೆ, 'ಏನು ಬೇಕು, ನೀನೇ ಹೇಳು' ಎಂದು ಕೂತಿದ್ದ. ಮೊದಲ ಎಸ್ಕೇಪು ಪಟ್ಟಿ ತೋರಿಸುತ್ತದೆ, ಎರಡನೆಯದು ಪಟ್ಟಿಯಿಂದಲೂ ಆಚೆ ದಬ್ಬಿ ಈ ಬಯಲಿಗೆ ತಂದು ಬಿಡುತ್ತದೆ. 'ಒಂದೇ ಸಲ' ಎಂದು ಅವನು ಒತ್ತಿ ಒತ್ತಿ ಹೇಳಿದ್ದು ಆಗ ನೆನಪಾಯಿತು. ಪವರ್ ಗುಂಡಿಗೆ ಹೋದ ಬೆರಳನ್ನು ಹಿಂದಕ್ಕೆಳೆದು, ಇಂಗ್ಲಿಷಿನಲ್ಲಿ ರೀಬೂಟ್ ಎಂದು ಬರೆದು ಎಂಟರ್ ಒತ್ತಿದೆ. ಕೇಳಿತು! ಈ ಯಂತ್ರ ಆ ರಾತ್ರಿ ನನ್ನ ಮಾತು ಕೇಳಿದ್ದು ಅದೇ ಮೊದಲು.

ಎರಡನೆಯ ಯತ್ನ. ಒಂದೇ ಎಸ್ಕೇಪ್. ಪಟ್ಟಿ ಬಂತು, ನಿಂತಿತು. ಅಡ್ವಾನ್ಸ್‌ಡ್ ಆಪ್ಷನ್ಸ್. ಒಳಗೆ ಮೂರು ಕರ್ನಲ್ಲುಗಳ ಹೆಸರು. ಮೈಯೆಲ್ಲ ಒಂದೇ, ಬಾಲದ ಅಂಕಿ ಮಾತ್ರ ಬೇರೆ. 112, 107, 105. ಸತ್ತುಬಿದ್ದದ್ದು 112. ಉಸಿರು ಹಿಡಿದು 107ಕ್ಕೆ ಇಳಿದು ಎಂಟರ್ ಒತ್ತಿದೆ.

ಕಪ್ಪು. ಒಂದು, ಎರಡು, ಮೂರು, ನಾಲ್ಕು... ಡಿಸ್ಕಿನ ಪಾಸ್‌ವರ್ಡ್ ಕೇಳಿತು! ಹಳೆಯ ಯಜಮಾನ ಮೂಟೆ ಸಮೇತ ಎದ್ದಿದ್ದ. ನಾನು ಎಸೆಯದೆ ಬಿಟ್ಟ ಹಳೆಯ ಸಾಮಾನು ಕೋಣೆ ತುಂಬಿ ಹೊಸಬನ ಉಸಿರು ಕಟ್ಟಿಸಿತ್ತು. ಈಗ ಆ ಸಾಮಾನೇ ಎದ್ದುಬಂದು ಬಾಗಿಲು ತೆರೆಯುತ್ತಿತ್ತು. ಅಟ್ಟದ ವಿಷಯದಲ್ಲಿ ಹೆಂಡತಿಯೊಡನೆ ಇಪ್ಪತ್ತು ವರ್ಷದಿಂದ ನಡೆದಿರುವ ವಾದಕ್ಕೆ ಇದನ್ನೊಂದು ಸಾಕ್ಷಿಯಾಗಿ ಎತ್ತಿಟ್ಟುಕೊಂಡೆ.

ಆದರೆ ಚಿತ್ರ ಮೂಡಬೇಕಾದ ಕಡೆ ಮತ್ತೆ ಕಪ್ಪು. ಅಪ್‌ಡೇಟು ಅರ್ಧದಲ್ಲಿ ನಿಂತಿತ್ತಲ್ಲ, ನೂರಾರು ಸಾಮಾನು ಬಿಚ್ಚಿಟ್ಟು ಜೋಡಿಸದೆ ಬಿಟ್ಟ ಹಾಗಿತ್ತು ಒಳಗೆ. ಕಂಟ್ರೋಲ್, ಆಲ್ಟ್, ಎಫ್3. ಅಕ್ಷರಗಳಷ್ಟೇ ಇರುವ ತೆರೆ ಬಂತು. ಹೆಸರು ಕೇಳಿತು, ಕೊಟ್ಟೆ. ಪಾಸ್‌ವರ್ಡ್ ಕೇಳಿತು, ಒತ್ತಿದ್ದು ಕಾಣಿಸದು, ಚುಕ್ಕಿಯೂ ಮೂಡದು, ಕತ್ತಲಲ್ಲಿ ದೇವರಿಗೆ ಹೂ ಏರಿಸಿದ ಹಾಗೆ. ಒಳಗೆ ಬಿಟ್ಟಿತು. ಸ್ವಾಗತದ ನಾಲ್ಕು ಸಾಲು ಉರುಳಿತು. ಯಥಾಪ್ರಕಾರ ಓದಲಿಲ್ಲ.

ನನಗೆ ಬೇಕಿದ್ದದ್ದು ಒಂದೇ. ವರದಿ ಇದೆಯೋ ಇಲ್ಲವೋ? ಕಡತಗಳ ಪಟ್ಟಿ ಕೇಳಿದೆ. ಬಂದದ್ದು ಬರಿಯ ಚೌಕಗಳು! ಸಾಲು ಸಾಲು ಚೌಕ, ಕೊನೆಗೆ ಇಂಗ್ಲಿಷಿನ ಒಡಿಟಿ ಎಂಬ ಬಾಲ. ಎದೆ ಧಸಕ್ಕೆಂದಿತು. ಎಲ್ಲ ಅಳಿಸಿಹೋಗಿ ಈ ಖಾಲಿ ಗೂಡುಗಳಷ್ಟೇ ಉಳಿದಿವೆ ಎಂದುಕೊಂಡೆ.

ಒಂದು ನಿಮಿಷ ಬೇಕಾಯಿತು ಹೊಳೆಯಲು. ಕಡತಗಳಿಗೆ ನಾನಿಟ್ಟದ್ದು ಕನ್ನಡ ಹೆಸರು. ಈ ಬರಿಯಕ್ಷರದ ತೆರೆಗೆ ಕನ್ನಡ ಬರೆಯಲು ಬರುವುದಿಲ್ಲ. ಒಂದೊಂದು ಸಂಕೇತಕ್ಕೆ ಒಂದೊಂದು ಚೌಕ ಬಡಿದು ಕೈತೊಳೆದುಕೊಳ್ಳುತ್ತದೆ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆಂದು ಲೋಕಕ್ಕೆ ಹೇಳಿದ್ದು 1991ರ ಆಗಸ್ಟ್ 25ರಂದು. ಕನ್ನಡ ಅಕ್ಷರಗಳು ಯುನಿಕೋಡಿನ ಮೊದಲ ಆವೃತ್ತಿಯಲ್ಲಿ ಜಾಗ ಪಡೆದದ್ದೂ ಅದೇ 1991ರಲ್ಲಿ. ಒಂದೇ ವರ್ಷದ ಕೂಸುಗಳು, ಈ ಕಪ್ಪು ಕೋಣೆಯಲ್ಲಿ ಮಾತ್ರ ಇವತ್ತಿಗೂ ಒಂದರ ಮುಖ ಒಂದು ನೋಡಿಲ್ಲ.

ಹಾಗಾದರೆ ಎಣಿಸಬೇಕು! ವರದಿ: ವ, ರ, ದ, ಮೇಲೊಂದು ಗುಡಿಸು. ನಾಲ್ಕು. ಲೆಕ್ಕ: ಲ, ಎತ್ವ, ಕ, ಅರ್ಧಾಕ್ಷರದ ಕೊಂಡಿ, ಮತ್ತೊಂದು ಕ. ಐದು. ಬೆರಳಿಟ್ಟು ಪಟ್ಟಿ ಇಳಿದೆ. ಐದು ಚೌಕದ್ದೊಂದು ಸಿಕ್ಕಿತು. ಇನ್ನೂ ಇಳಿದೆ. ನಾಲ್ಕು ಚೌಕ! ತಾರೀಖು ಇವತ್ತಿನದು, ಹೊತ್ತು ಸಂಜೆ ಏಳು ಗಂಟೆ ಹತ್ತು ನಿಮಿಷ. ನಾಲ್ಕು ಬಿಳಿ ಚೌಕಗಳನ್ನು ನೋಡಿ ಕಣ್ಣಲ್ಲಿ ನೀರು ಬಂದದ್ದನ್ನು ಯಾರಿಗೂ ಹೇಳಿರಲಿಲ್ಲ.

ಮೊದಲು ಅದನ್ನು ಹೊರಗೆ ದಾಟಿಸಬೇಕು. ಪೆನ್ ಡ್ರೈವ್ ಎಲ್ಲಿ? ಕಣ್ಣೆದುರೇ ಇತ್ತು. ಜೀಪಿನ ಸ್ಟೀರಿಯೋದಲ್ಲಿ ಸಿಕ್ಕಿಸಿಟ್ಟ ಯಕ್ಷಗಾನದ ಪೆನ್ ಡ್ರೈವ್. ಕಿತ್ತು ಚುಚ್ಚಿದೆ, ಮೌಂಟ್ ಮಾಡಿದೆ. ಪ್ರತಿ ಮಾಡಲು ಕಡತದ ಹೆಸರು ಬರೆಯಬೇಕು; ಚೌಕ ಬರೆಯುವ ಕೀಲಿ ಯಾವುದೂ ಇಲ್ಲ. ಹೆಸರು ಹೇಳಲಾಗದ ಕಡೆ ನಕ್ಷತ್ರ ಹಾಕಿದರೆ 'ಎಲ್ಲವೂ' ಎಂದು ಅರ್ಥ, ಅದೊಂದು ನೆನಪಿತ್ತು. ನಕ್ಷತ್ರ, ಚುಕ್ಕಿ, ಒಡಿಟಿ. ಎಂಟರ್. ಕ್ಷಣದಲ್ಲಿ ಮುಗಿಯಿತೆಂದಿತು. ಕಿತ್ತುಬಿಡುತ್ತಿದ್ದೆ. ಹೀಗೆ ಕಿತ್ತು ಹಿಂದೊಮ್ಮೆ ಖಾಲಿ ಕಡತ ಮನೆಗೆ ತಂದದ್ದು ಸಮಯಕ್ಕೆ ನೆನಪಾಯಿತು. ಮುಗಿಯಿತೆಂದು ಹೇಳಿದರೂ ಅಕ್ಷರಗಳು ಇನ್ನೂ ಮೆಮೊರಿಯಲ್ಲೇ ಸರದಿ ಕಾಯುತ್ತಿರಬಹುದು. ಸಿಂಕ್ ಎಂದು ಆಜ್ಞೆ ಕೊಟ್ಟೆ. ಪೆನ್ ಡ್ರೈವಿನ ದೀಪ ಮಿಡಿದು ನಿಂತಿತು. ಅನ್‌ಮೌಂಟ್ ಮಾಡಿ, ಕಿತ್ತು, ಜನಿವಾರಕ್ಕೆ ಕಟ್ಟಿಕೊಂಡೆ.

ಹನ್ನೆರಡೂವರೆ. ಅಲ್ಲಿಗೆ ಬಿಟ್ಟು ಮಲಗಬಹುದಿತ್ತು. ಬೆಳಿಗ್ಗೆ ಪೇಟೆಯ ಡಿಟಿಪಿ ಅಂಗಡಿಯಲ್ಲಿ ಉಳಿದೆರಡು ಪುಟ ಹೇಗೋ ಬರೆಸಬಹುದಿತ್ತು. ಆದರೆ ಹಳ್ಳ ದಾಟಿ ಬಂದ ಕಾಲು, ಸುಣ್ಣದ ಕಲೆ, ಮಡಿಲಲ್ಲಿ ಅರೆಜೀವದ ಯಂತ್ರ. ಬಿಡಲು ಮನಸ್ಸಾಗಲಿಲ್ಲ.

ಬೂಟ್ ಕೋಣೆಯ ಅಳತೆ ಕೇಳಿದೆ. 100 ಪ್ರತಿಶತ ಭರ್ತಿ. ಹಳೆಯದನ್ನು ತೆಗೆದುಹಾಕು ಎಂದು ಪ್ಯಾಕೇಜ್ ವ್ಯವಸ್ಥೆಗೆ ಆಜ್ಞೆ ಕೊಟ್ಟೆ. ಅದು ಹೇಳಿತು: ಆಗದು, ಹಿಂದಿನ ಕೆಲಸ ಅರ್ಧದಲ್ಲಿ ನಿಂತಿದೆ, ಮೊದಲು ಡಿಪಿಕೆಜಿ ಕಾನ್ಫಿಗರ್ ಓಡಿಸು. ಬರೆಯಬೇಕಾದ ಆಜ್ಞೆಯನ್ನೂ ತಾನೇ ಬರೆದು ತೋರಿಸಿತ್ತು. ಈ ಸಲ ಓದಿದ್ದೆ. ಓಡಿಸಿದೆ. ಸಾಲುಗಳು ಉರುಳಿದವು, ನಿಂತವು: ಆಗದು, ಬೂಟ್ ಕೋಣೆಯಲ್ಲಿ ಜಾಗವಿಲ್ಲ. ಜಾಗ ಮಾಡಬೇಕಾದರೆ ಅರ್ಧವಾದದ್ದು ಮುಗಿಯಬೇಕು. ಅರ್ಧವಾದದ್ದು ಮುಗಿಯಬೇಕಾದರೆ ಜಾಗ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಎರಡು ಸಲ ಸುತ್ತು ಹೊಡೆದೆ, ಎರಡು ಸಲವೂ ಹೊರಟಲ್ಲಿಗೇ ಬಂದೆ.

ಉಳಿದದ್ದು ಒಂದೇ ದಾರಿ. ವ್ಯವಸ್ಥೆಯನ್ನು ಕೇಳದೆ, ಕೈಯಿಂದಲೇ ಒಂದು ಮೂಟೆ ಎತ್ತಿ ಹೊರಗೆಸೆಯುವುದು.

ಅಳಿಸೋ ಮುಂಚೆ ಮಾತ್ರ...

ಬೂಟ್ ಕೋಣೆಯ ಪಟ್ಟಿ ತೆರೆಯ ಮೇಲಿತ್ತು. ಮೂಟೆಗಳು ಎರಡೇ, ಒಂದು 105, ಒಂದು 107. ಕನ್ನಡಕಕ್ಕೆ ಹಬೆ ಕಟ್ಟಿತ್ತು. ಜೀಪಿನ ನಡುಕಕ್ಕೆ ಅಂಕಿಗಳೆಲ್ಲ ಕುಣಿಯುತ್ತಿದ್ದವು. ಅಳಿಸುವ ಆಜ್ಞೆ ಬರೆದೆ, ಹೆಸರು ಬರೆದೆ, ಎಂಟರಿನ ಮೇಲೆ ಬೆರಳಿಟ್ಟೆ. ಈ ಆಜ್ಞೆಗೆ ಕಸದ ಬುಟ್ಟಿ ಇಲ್ಲ, 'ಖಂಡಿತವೇ?' ಎಂದು ಕೇಳುವ ಸೌಜನ್ಯವಿಲ್ಲ. ಹೋದದ್ದು ಹೋಯಿತು. ಈಗ ಎದ್ದು ಕೂತಿರುವ ಯಜಮಾನ ಯಾರು? ಅವನ ಮೂಟೆಯನ್ನೇ ಎಸೆದರೆ? ಮುಂದಿನ ಸಲ ಗುಂಡಿ ಒತ್ತಿದಾಗ ಎರಡು ಕರ್ನಲ್ಲುಗಳು ಬರಿಗೈಯಲ್ಲಿ ಬೀಗದ ಮುಂದೆ ನಿಂತು ಮಿಣುಕುತ್ತವೆ.

107ನ್ನು ಆರಿಸಿದ ನೆನಪು. ನೆನಪೋ, ಭಾವನೆಯೋ? ಬೆರಳು ತೆಗೆದೆ. ಕನ್ನಡಕ ಒರೆಸಿದೆ. ಶಿಫ್ಟ್ ಹಿಡಿದು ತೆರೆಯನ್ನು ಮೇಲಕ್ಕೆ ಸರಿಸಲು ನೋಡಿದೆ, ಸರಿಯಲಿಲ್ಲ. ಹೊರಗೆ ಹೋಗಿ ಮತ್ತೆ ಲಾಗಿನ್ ಆದೆ. ಆಗ ಓದದೆ ಬಿಟ್ಟ ಆ ಸ್ವಾಗತದ ಸಾಲು ಮತ್ತೆ ಬಂತು. ತನ್ನ ಹೆಸರು, ಕುಲ, ಬಾಲದ ಅಂಕಿ ಎಲ್ಲವನ್ನೂ ಅದು ಬಾಗಿಲಲ್ಲೇ ಹೇಳಿಕೊಂಡಿತ್ತು. 107.

ಸರಿ. 105ಕ್ಕೆ ವಿದಾಯ. ಆಜ್ಞೆಯನ್ನು ಮತ್ತೆ ಬರೆದೆ, ಎಂಟರಿಗೆ ಮುಂಚೆ ಗಟ್ಟಿಯಾಗಿ ಓದಿದೆ. ಓದಿದ್ದಕ್ಕೆ ಗೊತ್ತಾಯಿತು, ಬೆರಳು ಅಭ್ಯಾಸಬಲದಿಂದ 107 ಎಂದೇ ಬರೆದಿತ್ತು. ಅಂಗಾಲಿನಿಂದ ನೆತ್ತಿಯವರೆಗೆ ತಣ್ಣಗಾದೆ. 7ನ್ನು ಅಳಿಸಿ 5 ಮಾಡಿದೆ. ಇನ್ನೊಮ್ಮೆ ಓದಿದೆ. ಮತ್ತೊಮ್ಮೆ. ಒತ್ತಿದೆ.

ಏನೂ ಆಗಲಿಲ್ಲ. ಆಗಬೇಕಾದದ್ದೂ ಅದೇ. ಅಳತೆ ಕೇಳಿದರೆ ನೂರು ಎಂಬಿಗೂ ಹೆಚ್ಚು ಜಾಗ ಬಾಯ್ದೆರೆದಿತ್ತು.

ಡಿಪಿಕೆಜಿ ಕಾನ್ಫಿಗರ್. ಬೇಕಾದ ಸಾಮಾನೆಲ್ಲ ಆಗಲೇ ಇಳಿದು ಬಂದಿದ್ದರಿಂದ ಇಂಟರ್ನೆಟ್ಟಿನ ಹಂಗಿಲ್ಲ. ಸಾಲುಗಳು ಓಡಿದವು, ಈ ಸಲ ಹೊಳೆಯ ಹಾಗೆ. ಸೆಟ್ಟಿಂಗ್ ಅಪ್ ಇದು, ಸೆಟ್ಟಿಂಗ್ ಅಪ್ ಅದು. ಕೊನೆಗೊಂದು ಸಾಲಿಗೆ ಬಂದು ನಿಂತಿತು: 112ಕ್ಕೆ ಮೂಟೆ ಕಟ್ಟಲಾಗುತ್ತಿದೆ. ನಿಂತೇ ಇತ್ತು.

ಹಾಗೆ ಕಾಯುವಾಗ ನನಗೆ ನೆನಪಾದದ್ದು ಮಂಗಳನ ಮೇಲಿನ ಸ್ಪಿರಿಟ್. 2004ರ ಜನವರಿಯಲ್ಲಿ ಅಲ್ಲಿಳಿದ ನಾಸಾದ ಆ ಆರು ಗಾಲಿಯ ಬಂಡಿ 21ನೆಯ ತಾರೀಖು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತು. ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಅರುವತ್ತಕ್ಕೂ ಹೆಚ್ಚು ಸಲ ಹೀಗೆ. ರಾತ್ರಿ ನಿದ್ದೆ ಮಾಡದೆ ಬ್ಯಾಟರಿ ಕರಗಿಸಿಕೊಳ್ಳುತ್ತಿತ್ತು. ಕಾರಣ? ಅದರ ಫ್ಲ್ಯಾಶ್ ಮೆಮೊರಿ 256 ಎಂಬಿ. ಅದರೊಳಗೆ ಕಡತಗಳು ಅತಿಯಾಗಿ ತುಂಬಿದ್ದವು, ದಾರಿಯುದ್ದಕ್ಕೂ ಬರೆದು ಯಾರೂ ಅಳಿಸದೆ ಬಿಟ್ಟವೂ ಸೇರಿ. ಪ್ರತಿ ಸಲ ಏಳುವಾಗ ಅವೆಲ್ಲದರ ಪಟ್ಟಿ ಹೊರಲಾಗದೆ ಕುಸಿಯುತ್ತಿತ್ತು. ಕ್ಯಾಲಿಫೋರ್ನಿಯಾದ ಎಂಜಿನಿಯರುಗಳು ಫ್ಲ್ಯಾಶನ್ನು ಮುಟ್ಟದೆಯೇ ಏಳು ಎಂದು ಆಜ್ಞೆ ಕಳಿಸಿ, ಎಬ್ಬಿಸಿ, ಕಡತ ಅಳಿಸಿ, ಕೊನೆಗೆ ಫ್ಲ್ಯಾಶನ್ನೇ ತೊಳೆದು ಶುದ್ಧ ಮಾಡಿದರು. 90 ದಿನಕ್ಕೆಂದು ಕಳಿಸಿದ್ದ ಬಂಡಿ 2010ರ ಮಾರ್ಚ್‌ವರೆಗೆ ಮಾತಾಡುತ್ತಿತ್ತು. ಗ್ರಹ ಬೇರೆ, ರೋಗ ಅದೇ. ಅವರಿಗೆ ಉಂಬಳದ ಕಾಟ ಇರಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಹೀಗೆ ಮಂಗಳನಲ್ಲಿದ್ದಾಗ ಜೀಪು ಒಮ್ಮೆ ಗುಟುಕರಿಸಿ ನಿಂತುಹೋಯಿತು.

ಇನ್ವರ್ಟರು ಕೀಂ ಎಂದು ಕಿರುಚಿತು. ಚಾರ್ಜರಿನ ಹಸಿರು ಆರಿತು. ಮೂಟೆ ಕಟ್ಟುತ್ತಿರುವಾಗಲೇ ಕರೆಂಟ್ ಸತ್ತರೆ ಮತ್ತೆ ಮೊದಲಿನಿಂದ ಹಳ್ಳ, ಸಂಕ, ಕಲ್ಲು! ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಗೇರ್ ದಂಡದ ಮೇಲಿಂದ ಚಾಲಕನ ಸೀಟಿಗೆ ಜಿಗಿದೆ. ಕೀಲಿ ತಿರುಗಿಸಿದೆ. ಕುಯ್ಯೋ ಎಂದಿತು, ಹತ್ತಲಿಲ್ಲ. ಮತ್ತೆ. ಮೂರನೆಯ ಸಲ ಕಾಲು ಪೂರ್ತಿ ಒತ್ತಿ ಹಿಡಿದಾಗ ಕಪ್ಪು ಹೊಗೆ ಕಾರಿ ಎದ್ದಿತು. ಹಸಿರು ದೀಪ ಬಂತು. ಎರಡು ತಾಸಿಗೂ ಹೆಚ್ಚು ಹೊತ್ತು ಚಾರ್ಜಾದ ಬ್ಯಾಟರಿ ತುಂಬಿತ್ತು, ಜೀಪು ನಿಂತರೂ 40 ನಿಮಿಷ ಏನೂ ಆಗುತ್ತಿರಲಿಲ್ಲ ಎಂಬುದು ಉಸಿರು ತಹಬದಿಗೆ ಬಂದ ಮೇಲೆ ಹೊಳೆಯಿತು. ಸುತ್ತ ಯಾರೂ ನೋಡಿರಲಿಲ್ಲ. ಬರೆಯದಿದ್ದರೆ ನಡೆಯುತ್ತಿತ್ತು.

ತೆರೆ ನೋಡಿದೆ. ಮೂಟೆ ಕಟ್ಟಿ ಮುಗಿದಿತ್ತು. ಗ್ರಬ್ಬು ಮೂರು ಹೆಸರು ಹೇಳಿ 'ಡನ್' ಎಂದಿತ್ತು. ಉಳಿದದ್ದು ಕಸ ಗುಡಿಸುವ ಕೆಲಸ. 105ರ ಪ್ಯಾಕೇಜನ್ನು ಬೇರುಸಮೇತ ತೆಗೆಸಿದೆ. 107ನ್ನು ಮುಟ್ಟಲಿಲ್ಲ. ಮುಟ್ಟುವ ಧೈರ್ಯ ಇವತ್ತಿಗೂ ಇಲ್ಲ.

2 ಗಂಟೆ 50. ರೀಬೂಟ್. ಯಾವ ಕೀಲಿಯನ್ನೂ ಒತ್ತದೆ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತೆ. ಲಾಂಛನ. ಕಪ್ಪು. ಕ್ಯಾಪ್ಸ್ ಲಾಕನ್ನು ನೋಡಿದೆ. ಕತ್ತಲಾಗಿಯೇ ಇತ್ತು. ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಹಿಂಬದಿಯ ಚಿತ್ರ ಮೂಡಿತು, ಅಡಿಕೆ ಕೊಯ್ಲಿನ ದಿನ ನಾನೇ ತೆಗೆದದ್ದು. ಕಡತಗಳ ಗೂಡು ತೆರೆದೆ. ನಾಲ್ಕು ಚೌಕಗಳಿದ್ದ ಜಾಗದಲ್ಲಿ ಮೂರು ಅಕ್ಷರ ಕೂತಿತ್ತು: ವರದಿ.

ಉಳಿದೆರಡು ಪುಟವನ್ನು ಜೀಪಿನಲ್ಲೇ ಬರೆದೆ. ಐದೂವರೆಗೆ ಮಳೆ ನಿಂತಿತು, ಕರೆಂಟ್ ಬಂತು, ಹೆಂಡತಿ ಚಹಾ ತಂದಳು. ಎಂಟೂವರೆಗೆ ಪೇಟೆಯ ಅಂಗಡಿಯ ಕದ ತೆಗೆಸಿ ನೂರೈವತ್ತು ಪ್ರತಿ ಮಾಡಿಸಿದೆ, ಬಿಸಿಬಿಸಿ ಕಾಗದ ಹೊತ್ತು ಸಂಘದ ಕಟ್ಟಡಕ್ಕೆ ಓಡಿದೆ. ಹತ್ತೂವರೆಗೆ ಪ್ರಾರ್ಥನೆ, ಸ್ವಾಗತ. ಅಡುಗೆಮನೆಯಿಂದ ಒಗ್ಗರಣೆಯ ಪರಿಮಳ ಬರುತ್ತಿತ್ತು. ಕಾರ್ಯದರ್ಶಿಗಳು ಆಡಳಿತ ಮಂಡಳಿಯ ವರದಿ ಮಂಡಿಸಬೇಕೆಂದು ಅಧ್ಯಕ್ಷರು ಕರೆದರು. ತೋಳಿನ ನೀಲಿ ಗೆರೆಗಳು ಕಾಣದಂತೆ ಅಂಗಿಯ ಕೈ ಎಳೆದುಕೊಂಡು ಎದ್ದು ನಿಂತೆ, ಗಂಟಲು ಸರಿಮಾಡಿಕೊಂಡೆ, ಮೊದಲ ಪುಟ ಬಿಡಿಸಿದೆ.

ಮುಂದಿನ ಸಾಲಿನ ಹಿರಿಯ ಸದಸ್ಯರೊಬ್ಬರು ಕೈ ಎತ್ತಿದರು.

"ಅಧ್ಯಕ್ಷರೇ, ವರದಿ ಎಲ್ಲರ ಕೈಯಲ್ಲಿದೆಯಲ್ಲ. ಓದಿದ್ದೇವೆಂದು ಭಾವಿಸಿ ಮುಂದಿನ ವಿಷಯಕ್ಕೆ ಹೋಗೋಣ."

ಸಭೆ ಚಪ್ಪಾಳೆ ತಟ್ಟಿತು. ನಾನು ಕೂತೆ. ಎಡಗಾಲಿನ ಹಿಂಬದಿಯಲ್ಲಿ ಏನೋ ತಣ್ಣಗೆ ಹರಿದಾಡಿದಂತಾಯಿತು. ಬಗ್ಗಿ ಮುಟ್ಟಿ ನೋಡಿದರೆ ಎಂಟನೆಯ ಉಂಬಳ.